ಸಲಹೆಯನ್ನು ನಿರ್ಣಯದ ಮೇಜಿನವರೆಗೆ ಒಯ್ಯುವ ಕ್ರಮ: ಸರ್ಕಾರದ ಹಿರಿಯ ಸಲಹೆಗಾರರಿಗೆ ಸಮಗ್ರ ಮಾರ್ಗದರ್ಶಿ

ಹಿರಿಯ ಸಲಹೆಗಾರರ ಹುದ್ದೆಗೆ ಬರುವವರಲ್ಲಿ ವಿಷಯಜ್ಞಾನದ ಕೊರತೆ ಇರುವುದು ಅಪರೂಪ. ಆದರೂ ಅವರ ಸಲಹೆ ಮತ್ತೆ ಮತ್ತೆ ಒಂದೇ ಕಡೆ ಮುಗ್ಗರಿಸುತ್ತದೆ. ಕಡತ ಮೇಲಕ್ಕೆ ಹೋಗುತ್ತದೆ, ‘ಚರ್ಚಿಸಿ’ ಎಂಬ ಷರಾದೊಂದಿಗೆ ಹಿಂತಿರುಗುತ್ತದೆ, ಇನ್ನಷ್ಟು ಅಂಕಿ ಅಂಶ ಹೊತ್ತುಕೊಂಡು ಮತ್ತೆ ಹೋಗುತ್ತದೆ; ಅಷ್ಟರಲ್ಲಿ ನಿರ್ಣಯ ಬೇರೆ ಯಾವುದೋ ಕೊಠಡಿಯಲ್ಲಿ, ಅರೆಬರೆ ಮಾಹಿತಿಯ ಮೇಲೆ ಆಗಿಹೋಗಿರುತ್ತದೆ. ಹೀಗಾದಾಗ ಸಲಹೆಗಾರರು ಸಾಮಾನ್ಯವಾಗಿ ತಮ್ಮ ವಾದ ಇನ್ನೂ ಬಲವಾಗಿರಬೇಕಿತ್ತು ಎಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ದೋಷ ಇರುವುದು ವಾದದಲ್ಲಿ ಕಡಿಮೆ, ಕೆಲಸದ ಕ್ರಮದಲ್ಲಿ ಹೆಚ್ಚು.

ಸಲಹೆಗಾರರಿಗೆ ಆದೇಶ ಹೊರಡಿಸುವ ಅಧಿಕಾರವಿರುವುದಿಲ್ಲ. ಯಾವ ಪ್ರಶ್ನೆ, ಯಾವ ಎಚ್ಚರಿಕೆ, ಯಾರ ವಿರೋಧ ಯಾವ ಹೊತ್ತಿಗೆ ನಿರ್ಣಯ ಮಾಡುವವರ ಕಣ್ಣಿಗೆ ಬೀಳಬೇಕು ಎಂಬುದನ್ನು ಏರ್ಪಡಿಸುವುದರಲ್ಲಿಯೇ ಅವರ ನಾಯಕತ್ವವೆಲ್ಲ ಅಡಗಿದೆ. ಆ ಏರ್ಪಾಡನ್ನು ಹಂತ ಹಂತವಾಗಿ ಇಲ್ಲಿ ವಿವರಿಸುತ್ತೇನೆ. ವಿವರಣೆ ಗಾಳಿಯಲ್ಲಿ ನಿಲ್ಲಬಾರದೆಂದು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಂಡಿದ್ದೇನೆ: ಬೆಳೆ ವಿಮೆಯ ನೋಂದಣಿಗೆ ಇರುವ ಕೊನೆಯ ದಿನಾಂಕವನ್ನು ಸರ್ಕಾರ ವಿಸ್ತರಿಸಬೇಕೇ ಎಂಬ ಪ್ರಶ್ನೆ. ಅದರಲ್ಲಿ ಬರುವ ಅಂಕಿಗಳೆಲ್ಲ ವಿವರಣೆಗಾಗಿ ಇಟ್ಟುಕೊಂಡವು.

ಮೊದಲೇ ಸಿದ್ಧವಿರಬೇಕಾದವು

ದೊಡ್ಡ ಸಲಕರಣೆಗಳೇನೂ ಬೇಕಿಲ್ಲ. ಬರೆದ ಸಾಲನ್ನು ಹರಿದು ಹಾಕಲಾಗದಂತೆ ಪುಟಸಂಖ್ಯೆ ಇರುವ ಒಂದು ನಿರ್ಣಯ ಪುಸ್ತಕ, ಒಂದು ಪುಟದ ಟಿಪ್ಪಣಿಯ ನಮೂನೆ, ಸಾಧ್ಯತೆಯ ಪದಗಳಿಗೆ ಅಂಕಿ ಕೊಟ್ಟ ಒಂದು ಚೀಟಿ, ಮತ್ತು ನಿಮ್ಮ ಮುಖ ನೋಡಿ ಮಾತು ಬದಲಿಸದ ಇಬ್ಬರು ಸಹೋದ್ಯೋಗಿಗಳು. ಕೊನೆಯದನ್ನು ಸಂಪಾದಿಸಲು ಹೆಚ್ಚು ಕಾಲ ಹಿಡಿಯುತ್ತದೆ. ಹುದ್ದೆಗೆ ಬಂದ ಮೊದಲ ತಿಂಗಳಲ್ಲಿಯೇ ಅವರನ್ನು ಗುರುತಿಸಿಕೊಳ್ಳಿ. ಬಿಕ್ಕಟ್ಟು ಬಂದ ದಿನ ಹುಡುಕಿದರೆ ಸಿಗುವುದಿಲ್ಲ.

ಹಂತ 1: ವಿಷಯವನ್ನು ಪ್ರಶ್ನೆಯಾಗಿ ಮಾಡಿಕೊಳ್ಳಿ

ಮೇಲಿನಿಂದ ಬರುವುದು ಸಾಮಾನ್ಯವಾಗಿ ಒಂದು ವಿಷಯ: ‘ಬೆಳೆ ವಿಮೆಯ ಬಗ್ಗೆ ಒಂದು ಟಿಪ್ಪಣಿ ಕೊಡಿ.’ ಇದನ್ನು ಹಾಗೆಯೇ ತೆಗೆದುಕೊಂಡು ಕೂತವರು ಯೋಜನೆಯ ಹಿನ್ನೆಲೆ, ಉದ್ದೇಶ, ಈವರೆಗಿನ ಪ್ರಗತಿ ಎಂದು ಹತ್ತು ಪುಟ ಬರೆಯುತ್ತಾರೆ. ಓದಿದವರಿಗೆ ತಾವು ಏನನ್ನು ತೀರ್ಮಾನಿಸಬೇಕು ಎಂಬುದೇ ತಿಳಿಯುವುದಿಲ್ಲ.

ವಿಷಯವನ್ನು ಒಂದೇ ವಾಕ್ಯದ ಪ್ರಶ್ನೆಯಾಗಿ ಬರೆದುಕೊಳ್ಳುವವರೆಗೆ ಬೇರಾವ ಕೆಲಸವನ್ನೂ ಆರಂಭಿಸಬೇಡಿ. ಆ ವಾಕ್ಯದಲ್ಲಿ ನಾಲ್ಕು ಸಂಗತಿಗಳು ಇರಲೇಬೇಕು: ತೀರ್ಮಾನಿಸುವವರು ಯಾರು, ಯಾವುದರ ನಡುವೆ ತೀರ್ಮಾನಿಸಬೇಕು, ಯಾವ ದಿನದೊಳಗೆ, ಮತ್ತು ಏನನ್ನೂ ತೀರ್ಮಾನಿಸದಿದ್ದರೆ ತಾನಾಗಿ ಆಗುವುದೇನು. ನಮ್ಮ ಉದಾಹರಣೆಯಲ್ಲಿ ಅದು ಹೀಗಿರುತ್ತದೆ: ‘ಈ ತಿಂಗಳ 31ಕ್ಕೆ ಮುಗಿಯುವ ನೋಂದಣಿ ಅವಧಿಯನ್ನು ಎಲ್ಲ ಜಿಲ್ಲೆಗಳಿಗೂ 15 ದಿನ ವಿಸ್ತರಿಸಬೇಕೇ, ಆಯ್ದ ಜಿಲ್ಲೆಗಳಿಗೆ ಮಾತ್ರ ವಿಸ್ತರಿಸಬೇಕೇ ಅಥವಾ ವಿಸ್ತರಿಸಬಾರದೇ ಎಂಬುದನ್ನು ಕೃಷಿ ಸಚಿವರು 27ರೊಳಗೆ ತೀರ್ಮಾನಿಸಬೇಕಾಗಿದೆ, ತೀರ್ಮಾನವಾಗದಿದ್ದರೆ ಅವಧಿ 31ರ ಸಂಜೆ ಮುಗಿಯುತ್ತದೆ.’ ನಾಲ್ಕನೆಯ ಸಂಗತಿಯನ್ನು ಬಿಟ್ಟುಬಿಡುವವರೇ ಹೆಚ್ಚು. ಸುಮ್ಮನಿರುವುದೂ ಒಂದು ನಿರ್ಣಯವೇ ಎಂಬುದು ಕಾಗದದ ಮೇಲೆ ಕಾಣದಿದ್ದರೆ, ಕಡತವನ್ನು ಮೇಜಿನ ಮೇಲೆ ಉಳಿಸಿಕೊಳ್ಳುವುದು ಅಪಾಯವಿಲ್ಲದ ದಾರಿಯಂತೆ ತೋರುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು ಎಂದರೆ ಉತ್ತರವನ್ನು ಪ್ರಶ್ನೆಯೊಳಗೇ ಅಡಗಿಸಿಡುವುದು. ಕಡತದ ‘ವಿಷಯ’ ಎಂಬ ಸಾಲನ್ನು ಗಮನಿಸಿ. ‘ರೈತರ ಹಿತದೃಷ್ಟಿಯಿಂದ ನೋಂದಣಿ ಅವಧಿಯನ್ನು ವಿಸ್ತರಿಸುವ ಬಗ್ಗೆ’ ಎಂದು ಅಲ್ಲಿ ಬರೆದಾಗಲೇ ಅರ್ಧ ನಿರ್ಣಯ ಆಗಿಬಿಟ್ಟಿರುತ್ತದೆ. ಅದನ್ನು ವಿರೋಧಿಸುವ ಅಧಿಕಾರಿ ರೈತರ ಹಿತವನ್ನೇ ವಿರೋಧಿಸಿದಂತೆ ಕಾಣುತ್ತಾರೆ. ‘ನೋಂದಣಿ ಅವಧಿಯ ವಿಸ್ತರಣೆಯ ಕೋರಿಕೆಯನ್ನು ಪರಿಶೀಲಿಸುವ ಬಗ್ಗೆ’ ಎಂದು ಬರೆದರೆ ಎರಡೂ ಕಡೆಯ ಮಾತಿಗೆ ಜಾಗವಿರುತ್ತದೆ.

ಪ್ರಶ್ನೆ ಬರೆದ ಮೇಲೆ ಅದನ್ನು ನಿರ್ಣಯ ಮಾಡುವವರಿಗೆ ಅಥವಾ ಅವರ ಆಪ್ತ ಕಾರ್ಯದರ್ಶಿಗೆ ಓದಿ ಹೇಳಿ, ‘ನೀವು ಕೇಳುತ್ತಿರುವುದು ಇದೇ ಅಲ್ಲವೇ?’ ಎಂದು ಕೇಳಿಕೊಳ್ಳಿ. ಐದು ನಿಮಿಷದ ಈ ಕೆಲಸವನ್ನು ಸಂಕೋಚದಿಂದ ಬಿಟ್ಟವರು ಹತ್ತು ದಿನದ ದುಡಿಮೆಯನ್ನು ಕಳೆದುಕೊಂಡದ್ದನ್ನು ನೋಡಿದ್ದೇನೆ.

ಹಂತ 2: ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ

ನಿರ್ಣಯ 27ಕ್ಕೆ ಆಗಬೇಕಾದರೆ ಆದೇಶದ ಕರಡು 26ಕ್ಕೆ ಸಿದ್ಧವಿರಬೇಕು, ಆರ್ಥಿಕ ಇಲಾಖೆಯ ಸಹಮತಿ 25ಕ್ಕೆ ಬಂದಿರಬೇಕು, ಕಾನೂನು ಅಭಿಪ್ರಾಯಕ್ಕೆ ಕಡತ 21ಕ್ಕಾದರೂ ಹೋಗಿರಬೇಕು. ಹೀಗೆ ಎಣಿಸುತ್ತಾ ಬಂದರೆ ನಿಮ್ಮ ಕೈಯಲ್ಲಿ ಉಳಿಯುವ ದಿನಗಳು ಎಷ್ಟು ಕಡಿಮೆ ಎಂಬುದು ಗೊತ್ತಾಗುತ್ತದೆ. ಅಷ್ಟು ದಿನಗಳಲ್ಲಿ ತಿಳಿಯಲು ಸಾಧ್ಯವಿರುವುದನ್ನು ಮಾತ್ರ ತಿಳಿಯಲು ಹೊರಡಿ. ತಡವಾಗಿ ಬಂದ ಪರಿಪೂರ್ಣ ವರದಿಗಿಂತ ಸಮಯಕ್ಕೆ ಬಂದ, ಮಿತಿಗಳನ್ನು ಒಪ್ಪಿಕೊಂಡ ಎರಡು ಪುಟ ಹೆಚ್ಚು ಉಪಯೋಗಕ್ಕೆ ಬರುತ್ತದೆ. ದಿನಗಳು ನಿಜಕ್ಕೂ ಸಾಲದಿದ್ದರೆ ಅದನ್ನು ಮೊದಲ ದಿನವೇ ತಿಳಿಸಿ, ಕೊನೆಯ ದಿನ ತಿಳಿಸಬೇಡಿ.

ಹಂತ 3: ಜಾರಿ ಮಾಡುವವರ ಮಾತನ್ನು ಮೊದಲು ಕೇಳಿ

ಹೆಚ್ಚಿನ ಸಲಹೆಗಾರರು ಆಯ್ಕೆಗಳನ್ನು ತಾವೇ ರೂಪಿಸಿ, ಆಮೇಲೆ ಕ್ಷೇತ್ರದ ಅಧಿಕಾರಿಗಳ ಅಭಿಪ್ರಾಯ ಕೇಳುತ್ತಾರೆ. ಆ ಹೊತ್ತಿಗೆ ಕ್ಷೇತ್ರದವರಿಗೆ ಏನು ಉತ್ತರ ನಿರೀಕ್ಷಿತವಾಗಿದೆ ಎಂಬುದು ತಿಳಿದಿರುತ್ತದೆ, ಅದನ್ನೇ ಬರೆದು ಕಳುಹಿಸುತ್ತಾರೆ. ಆದ್ದರಿಂದ ಈ ಕ್ರಮವನ್ನು ತಿರುಗಿಸಿ: ಆಯ್ಕೆಗಳ ಯೋಚನೆ ಹುಟ್ಟುವ ಮೊದಲೇ ಕ್ಷೇತ್ರದವರನ್ನು ಕೇಳಿ.

ಕೇಳುವುದೂ ಒಂದು ಕೌಶಲವೇ. ‘ಅವಧಿ ವಿಸ್ತರಿಸಬೇಕೇ?’ ಎಂದು ಕೇಳಿದರೆ ಎಲ್ಲ ಕಡೆಯಿಂದಲೂ ‘ವಿಸ್ತರಿಸಬಹುದು’ ಎಂಬ ಉತ್ತರ ಬರುತ್ತದೆ. ‘ಕಳೆದ ಹತ್ತು ದಿನಗಳಲ್ಲಿ ನಿಮ್ಮ ಕೇಂದ್ರದಿಂದ ಎಷ್ಟು ಜನ ನೋಂದಣಿಯಾಗದೆ ಹಿಂತಿರುಗಿದರು, ಏಕೆ?’ ಎಂದು ಕೇಳಿ. ಸಾಧ್ಯವಾದರೆ ಒಂದು ನೋಂದಣಿ ಕೇಂದ್ರದಲ್ಲಿ ಅರ್ಧ ದಿನ ಕೂತು ನೋಡಿ. ಗುಮಾಸ್ತರು ಪಕ್ಕದಲ್ಲಿ ಇಟ್ಟುಕೊಂಡಿರುವ ಹಳೆಯ ನೋಟುಪುಸ್ತಕದಲ್ಲಿ ‘ಸರ್ವರ್ ಇಲ್ಲ’, ‘ಸರ್ವರ್ ಇಲ್ಲ’, ‘ಪಹಣಿಯಲ್ಲಿ ಹೆಸರು ಬೇರೆ’ ಎಂದು ದಿನವಾರು ಬರೆದಿಟ್ಟ ಸಾಲುಗಳು ಯಾವ ಪ್ರಗತಿ ವರದಿಯಲ್ಲೂ ಇರುವುದಿಲ್ಲ.

ಈ ಸಾಲುಗಳಿಗೆ ಇಷ್ಟು ಬೆಲೆ ಏಕೆ ಕೊಡಬೇಕೆಂದರೆ, ನಿರ್ಣಯವೇ ಕಾರಣದ ಮೇಲೆ ನಿಂತಿದೆ. ಸರ್ವರ್ ಕೆಟ್ಟು ರೈತರು ಹಿಂತಿರುಗಿದ್ದರೆ ಅವಧಿ ವಿಸ್ತರಿಸುವುದು ನ್ಯಾಯ. ಮಳೆಯ ಗತಿ ನೋಡಿಕೊಂಡು ಸೇರೋಣವೆಂದು ಕಾದಿದ್ದರೆ ವಿಸ್ತರಣೆಯ ಪರಿಣಾಮವೇ ಬೇರೆ: ಮಳೆ ಕೈಕೊಟ್ಟದ್ದು ಖಚಿತವಾದ ಮೇಲೂ ಬಾಗಿಲು ತೆರೆದಿಟ್ಟರೆ ನಷ್ಟ ನಿಶ್ಚಿತವಾದವರೇ ಹೆಚ್ಚಾಗಿ ಸೇರುತ್ತಾರೆ, ವಿಮೆಯ ಲೆಕ್ಕ ಕುಸಿಯುತ್ತದೆ, ಮುಂದಿನ ವರ್ಷದ ಕಂತು ಏರುತ್ತದೆ. ಒಂದೇ ನೋಂದಣಿ ಅಂಕಿ, ಎರಡು ಕಾರಣ, ಎರಡು ವಿರುದ್ಧ ಸಲಹೆ. ಕಾರಣ ತಿಳಿಯದೆ ಬರೆದ ಸಲಹೆ ಎಷ್ಟು ಚೆನ್ನಾಗಿದ್ದರೂ ಊಹೆಯೇ.

ಎಚ್ಚರಿಕೆಯ ಸೂಚನೆ: ಎಲ್ಲ ಜಿಲ್ಲೆಗಳ ವರದಿಗಳಲ್ಲೂ ಒಂದೇ ಕಾರಣ, ಹೆಚ್ಚುಕಡಿಮೆ ಒಂದೇ ಪದಗಳಲ್ಲಿ ಬಂದಿದ್ದರೆ, ಯಾರೋ ಮಾದರಿ ಉತ್ತರವನ್ನು ಹಂಚಿದ್ದಾರೆ ಎಂದು ತಿಳಿಯಿರಿ, ಎರಡು ಜಿಲ್ಲೆಗಳಿಗೆ ನೀವೇ ಫೋನ್ ಮಾಡಿ ಕೇಳಿ.

ಹಂತ 4: ನಿಜವಾದ ಆಯ್ಕೆಗಳನ್ನು ಮಾತ್ರ ಇಡಿ

ಮೂರು ಆಯ್ಕೆಗಳನ್ನು ಬರೆದು, ಮೊದಲನೆಯದನ್ನು ಅತಿರೇಕವಾಗಿಸಿ, ಮೂರನೆಯದನ್ನು ಅಸಾಧ್ಯವಾಗಿಸಿ, ನಡುವಿನದನ್ನು ಆರಿಸುವಂತೆ ಮಾಡುವ ಒಂದು ರೂಢಿ ಇದೆ. ಇದನ್ನು ಅನುಭವಿ ಸಚಿವರು ಬೇಗ ಗುರುತಿಸುತ್ತಾರೆ; ಗುರುತಿಸಿದ ದಿನದಿಂದ ನಿಮ್ಮ ಯಾವ ಪಟ್ಟಿಯನ್ನೂ ನಂಬುವುದಿಲ್ಲ. ಪರೀಕ್ಷೆ ಸರಳ: ಪ್ರತಿಯೊಂದು ಆಯ್ಕೆಗೂ ಅದನ್ನು ಪ್ರಾಮಾಣಿಕವಾಗಿ ಸಮರ್ಥಿಸುವ ಒಬ್ಬ ಜವಾಬ್ದಾರಿಯುತ ಅಧಿಕಾರಿ ಇರಬೇಕು. ಅಂಥವರು ಯಾರೂ ಇಲ್ಲದಿದ್ದರೆ ಆ ಆಯ್ಕೆಯನ್ನು ತೆಗೆದುಹಾಕಿ. ಎರಡೇ ಉಳಿದರೆ ಎರಡನ್ನೇ ಮಂಡಿಸಿ.

ಪ್ರತಿ ಆಯ್ಕೆಯ ಕೆಳಗೆ ಅದರಿಂದ ನಷ್ಟ ಹೊಂದುವವರು ಯಾರು ಎಂಬ ಒಂದು ಸಾಲು ಇರಲಿ. ಪ್ರಯೋಜನ ಪಡೆಯುವವರನ್ನು ಎಲ್ಲರೂ ಬರೆಯುತ್ತಾರೆ.

ಹಂತ 5: ಸಾಧ್ಯತೆಯ ಮಾತಿಗೆ ಅಂಕಿ ಕೊಡಿ

ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಹಾನಿಯಾಗುವುದು ಈ ಹಂತದಲ್ಲಿ, ಅದೂ ಯಾರ ಗಮನಕ್ಕೂ ಬಾರದೆ. ‘ಸಾಧ್ಯತೆ ಇದೆ’, ‘ಸಂಭವವಿದೆ’, ‘ತಳ್ಳಿಹಾಕುವಂತಿಲ್ಲ’ ಎಂಬ ಪದಗಳನ್ನು ಬರೆದವರು ಒಂದು ಅರ್ಥದಲ್ಲಿ ಬರೆದಿರುತ್ತಾರೆ, ಓದಿದವರು ಇನ್ನೊಂದು ಅರ್ಥದಲ್ಲಿ ಓದುತ್ತಾರೆ.

1951ರಲ್ಲಿ ಅಮೆರಿಕದ ಗುಪ್ತಚರ ವಿಶ್ಲೇಷಕರು ಯುಗೊಸ್ಲಾವಿಯಾದ ಮೇಲೆ ಆ ವರ್ಷ ದಾಳಿಯಾಗುವ ಸಂಭವವನ್ನು ಅಂದಾಜಿಸಿ, ಅದನ್ನು ‘ಗಂಭೀರ ಸಾಧ್ಯತೆ’ ಎಂದು ಪರಿಗಣಿಸಬೇಕೆಂದು ಬರೆದರು. ಅದರ ಅರ್ಥವೇನೆಂದು ವಿದೇಶಾಂಗ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಕೇಳಿದಾಗ, ಆ ಕೆಲಸದ ಹೊಣೆ ಹೊತ್ತಿದ್ದ ಶರ್ಮನ್ ಕೆಂಟ್ ದಾಳಿಯ ಪರವಾಗಿ 65ಕ್ಕೆ 35 ಎಂದರು. ಕೇಳಿದವರು ಅದನ್ನು ಬಹಳ ಕಡಿಮೆ ಎಂದು ತಿಳಿದಿದ್ದರು. ಕೆಂಟ್ ಅಷ್ಟಕ್ಕೇ ಬಿಡದೆ, ಆ ಪದಗಳಿಗೆ ಒಪ್ಪಿಗೆ ಕೊಟ್ಟಿದ್ದ ತಮ್ಮ ಸಹೋದ್ಯೋಗಿಗಳನ್ನೇ ಒಬ್ಬೊಬ್ಬರಾಗಿ ಕೇಳಿ ನೋಡಿದರು. ಉತ್ತರಗಳು 20ಕ್ಕೆ 80ರಿಂದ ಹಿಡಿದು 80ಕ್ಕೆ 20ರವರೆಗೆ ಹರಡಿಕೊಂಡಿದ್ದವು. ಒಂದೇ ಮೇಜಿನ ಸುತ್ತ ಕೂತು ಒಂದೇ ವಾಕ್ಯಕ್ಕೆ ಒಪ್ಪಿದ್ದವರ ಮನಸ್ಸಿನಲ್ಲಿ ವಿರುದ್ಧವಾದ ಎರಡು ಚಿತ್ರಗಳಿದ್ದವು.

ಹತ್ತು ವರ್ಷಗಳ ನಂತರ, 1961ರ ಏಪ್ರಿಲ್‌ನಲ್ಲಿ ಅಮೆರಿಕದ ಬೆಂಬಲದಿಂದ ಕ್ಯೂಬಾದ ಬೇ ಆಫ್ ಪಿಗ್ಸ್ ತೀರದ ಮೇಲೆ ನಡೆದ ದಾಳಿಗೆ ಮುಂಚೆ ಅಮೆರಿಕದ ಸೇನಾ ಮುಖ್ಯಸ್ಥರ ವರದಿಯೂ ಯೋಜನೆ ಗೆಲ್ಲುವ ಬಗ್ಗೆ ಇಂಥದೇ ಒಂದು ಸಡಿಲ ಮಾತನ್ನಾಡಿತ್ತು. ಓದಿದವರಿಗೆ ಅದು ಭರವಸೆಯಂತೆ ಕೇಳಿಸಿತು. ಬರೆದವರ ಮನಸ್ಸಿನಲ್ಲಿದ್ದದ್ದು ಗೆಲುವಿಗಿಂತ ಸೋಲಿನ ಸಾಧ್ಯತೆಯೇ ಹೆಚ್ಚು ಎಂಬುದಾಗಿತ್ತು. ಸುಮಾರು 1,400 ಜನರ ಪಡೆ ಮೂರು ದಿನಗಳೊಳಗೆ ಸೋತು, ಬಹುಪಾಲು ಜನ ಸೆರೆಯಾದರು.

ಇದನ್ನು ತಪ್ಪಿಸಲು ನಿಮ್ಮ ಕಚೇರಿಗೆ ಒಂದು ಚೀಟಿ ಮಾಡಿಟ್ಟುಕೊಳ್ಳಿ: ‘ಬಹುತೇಕ ಖಚಿತ’ ಎಂದರೆ ನೂರಕ್ಕೆ 90ಕ್ಕಿಂತ ಹೆಚ್ಚು, ‘ಹೆಚ್ಚು ಸಂಭವ’ ಎಂದರೆ 65ರಿಂದ 90, ‘ಎರಡೂ ಸಮ’ ಎಂದರೆ 40ರಿಂದ 65, ‘ಕಡಿಮೆ ಸಂಭವ’ ಎಂದರೆ 10ರಿಂದ 40, ‘ತೀರಾ ಅಪರೂಪ’ ಎಂದರೆ 10ಕ್ಕಿಂತ ಕಡಿಮೆ. ಅಂಕಿಗಳನ್ನು ನಿಮ್ಮ ಅನುಕೂಲಕ್ಕೆ ಹೊಂದಿಸಿಕೊಳ್ಳಬಹುದು, ಆದರೆ ಒಮ್ಮೆ ಹೊಂದಿಸಿದ ಮೇಲೆ ಕಚೇರಿಯ ಎಲ್ಲರೂ ಅದನ್ನೇ ಬಳಸಬೇಕು, ಮತ್ತು ಟಿಪ್ಪಣಿಯಲ್ಲಿ ಪದದ ಪಕ್ಕದಲ್ಲಿಯೇ ಅಂಕಿಯನ್ನೂ ಬರೆಯಬೇಕು. ಜೊತೆಗೆ ಆ ಅಂದಾಜು ಎಷ್ಟು ಗಟ್ಟಿಯಾದ ಆಧಾರದ ಮೇಲೆ ನಿಂತಿದೆ ಎಂಬುದನ್ನು ಬೇರೆಯಾಗಿ ಹೇಳಿ: ‘ನೂರಕ್ಕೆ 70, ಆಧಾರ ದುರ್ಬಲ, ಎರಡು ಜಿಲ್ಲೆಗಳ ಮಾಹಿತಿ ಮಾತ್ರ.’ ಸಾಧ್ಯತೆ ಒಂದು, ಅದರ ಮೇಲಿನ ನಂಬಿಕೆ ಇನ್ನೊಂದು. ಎರಡನ್ನೂ ಬೆರೆಸಿ ಒಂದೇ ವಿಶೇಷಣದಲ್ಲಿ ಮುಗಿಸಬೇಡಿ.

ಇನ್ನೊಂದು ಅಪಾಯ ಕಡತ ಮೇಲೇರುವಾಗ ಎದುರಾಗುತ್ತದೆ. ಕೆಳಗಿನ ಹಂತದಲ್ಲಿ ಬರೆದ ‘ಆದರೆ’ಗಳು ಪ್ರತಿ ಮೇಜಿನಲ್ಲೂ ಒಂದೊಂದಾಗಿ ಉದುರುತ್ತವೆ. ಇರಾಕ್‌ನ ಶಸ್ತ್ರಾಸ್ತ್ರಗಳ ಕುರಿತು ಬ್ರಿಟನ್ ಸರ್ಕಾರ 2002ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ದಾಖಲೆಯನ್ನು ಪರಿಶೀಲಿಸಿದ ಬಟ್ಲರ್ ಸಮಿತಿ 2004ರಲ್ಲಿ ಗುರುತಿಸಿದ್ದು ಇದನ್ನೇ: ಮಾಹಿತಿಯ ಮಿತಿಗಳ ಬಗ್ಗೆ ಮೂಲ ಅಂದಾಜುಗಳಲ್ಲಿದ್ದ ಎಚ್ಚರಿಕೆಗಳು ಪ್ರಕಟವಾದ ದಾಖಲೆಯಲ್ಲಿ ಉಳಿದಿರಲಿಲ್ಲ. ನಿಮ್ಮ ಕಚೇರಿಯಿಂದ ಹೊರಡುವ ಅಂತಿಮ ಕರಡನ್ನು ಮೊದಲ ಕರಡಿನ ಪಕ್ಕದಲ್ಲಿಟ್ಟು, ಕಳೆದುಹೋದ ಪ್ರತಿಯೊಂದು ‘ಆದರೆ’ಯನ್ನು ಯಾರು, ಏಕೆ ತೆಗೆದರು ಎಂದು ನೀವೇ ಕೂತು ನೋಡಿ. ಈ ಕೆಲಸವನ್ನು ಕಿರಿಯರಿಗೆ ವಹಿಸಬೇಡಿ, ಏಕೆಂದರೆ ಅದನ್ನು ತೆಗೆದವರು ಬಹುಶಃ ಅವರ ಮೇಲಧಿಕಾರಿಯೇ ಆಗಿರುತ್ತಾರೆ.

ಹಂತ 6: ವಿರೋಧವನ್ನು ಹೊರಗೆ ತನ್ನಿ, ಮತ್ತು ಮೇಲಿನವರೆಗೆ ಒಯ್ಯಿರಿ

1986ರ ಜನವರಿ 27ರ ರಾತ್ರಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರುಗಳು, ತಾಪಮಾನ 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ, ಕೆಳಗಿದ್ದರೆ ಉಡಾವಣೆ ಬೇಡವೆಂದು ಲಿಖಿತವಾಗಿಯೇ ತಿಳಿಸಿದ್ದರು. ಫೋನಿನ ಸಭೆಯಲ್ಲಿ ಒತ್ತಡ ಬಂತು, ಕಂಪನಿಯ ಆಡಳಿತಗಾರರು ನಿಲುವು ಬದಲಿಸಿದರು, ಮರುದಿನ ಬೆಳಿಗ್ಗೆ ಉಡಾವಣೆಯಾದ 73 ಸೆಕೆಂಡುಗಳಲ್ಲಿ ನೌಕೆ ಛಿದ್ರವಾಗಿ ಏಳು ಮಂದಿ ಸತ್ತರು. ತನಿಖಾ ಆಯೋಗದ ವರದಿಯಲ್ಲಿ ಸಲಹೆಗಾರರು ಓದಲೇಬೇಕಾದ ಭಾಗವೊಂದಿದೆ: ಉಡಾವಣೆಯ ಅಂತಿಮ ನಿರ್ಣಯ ಮಾಡಿದವರಿಗೆ ಆ ಲಿಖಿತ ವಿರೋಧ ಇತ್ತೆಂಬುದೇ ತಿಳಿದಿರಲಿಲ್ಲ. ವಿರೋಧ ಹುಟ್ಟಿತ್ತು, ಚರ್ಚೆಯೂ ಆಗಿತ್ತು. ನಡುವಿನ ಮೆಟ್ಟಿಲುಗಳಲ್ಲಿ ಅದು ನಿಂತುಹೋಯಿತು.

ಆದ್ದರಿಂದ ಇಲ್ಲಿ ಕೆಲಸ ಎರಡು: ವಿರೋಧವನ್ನು ಹೊರಡಿಸುವುದು, ಹೊರಟದ್ದನ್ನು ಕೊನೆಯ ಮೇಜಿನವರೆಗೆ ತಲುಪಿಸುವುದು.

ಹೊರಡಿಸುವುದಕ್ಕೆ ಸಭೆಯ ಗಾತ್ರ ಮುಖ್ಯ. ಕಷ್ಟದ ಸಂಗತಿಗಳಲ್ಲಿ ಮೂವರು ಅಥವಾ ನಾಲ್ವರೊಡನೆ ಮಂತ್ರಾಲೋಚನೆ ನಡೆಸಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ಒಬ್ಬನೇ ಆದರೆ ಅಂಕೆಯಿಲ್ಲದೆ ನಡೆಯುತ್ತಾನೆ, ಇಬ್ಬರಾದರೆ ಒಂದುಗೂಡಿ ಅರಸನನ್ನು ಕಟ್ಟಿಹಾಕುತ್ತಾರೆ ಅಥವಾ ಜಗಳವಾಡಿ ಕೆಲಸ ಕೆಡಿಸುತ್ತಾರೆ ಎಂಬುದು ಅಲ್ಲಿನ ಕಾರಣ. ಇಪ್ಪತ್ತು ಕುರ್ಚಿಗಳ ಸಭೆಯಲ್ಲಿ ಯಾರೂ ಮನಸ್ಸಿನ ಮಾತಾಡುವುದಿಲ್ಲ. ದೊಡ್ಡ ಸಭೆಗೆ ಮುಂಚೆ ನಾಲ್ಕೈದು ಜನರ ಸಣ್ಣ ಸಭೆಯೊಂದನ್ನು ಕರೆಯಿರಿ. ಅಲ್ಲಿ ಅತ್ಯಂತ ಕಿರಿಯರು ಮೊದಲು ಮಾತಾಡಲಿ, ನೀವು ಕೊನೆಗೆ ಮಾತಾಡಿ. ನಿಮ್ಮ ಒಲವು ಒಮ್ಮೆ ಬಾಯಿಂದ ಹೊರಬಿದ್ದ ಮೇಲೆ ಉಳಿದವರ ಅಭಿಪ್ರಾಯ ಕೇಳುವುದು ವ್ಯರ್ಥ. ‘ಸರ್ ಹೇಳಿದ್ದು ಸರಿ’ ಎಂಬುದಕ್ಕಿಂತ ಹೆಚ್ಚಿನದು ಬರುವುದಿಲ್ಲ. 1962ರ ಅಕ್ಟೋಬರ್‌ನ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಹದಿಮೂರು ದಿನಗಳಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಕೆಲವು ಸಭೆಗಳಿಂದ ಬೇಕೆಂದೇ ದೂರ ಉಳಿದದ್ದು ಇದೇ ಕಾರಣಕ್ಕೆ. ಅವರ ಸಲಹೆಗಾರರು ಗುಂಪುಗಳಾಗಿ ಒಡೆದು ತಮ್ಮ ತಮ್ಮ ಪ್ರಸ್ತಾವನೆಗಳನ್ನು ಬರೆದು, ಅದಲು ಬದಲು ಮಾಡಿಕೊಂಡು, ಪರಸ್ಪರ ಖಂಡಿಸಿ, ಮತ್ತೆ ತಿದ್ದಿದರು.

ಮಾತು ಹೊರಡದಿದ್ದಾಗ ನೆರವಾಗುವ ಇನ್ನೊಂದು ವಿಧಾನವನ್ನು ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರು ಪ್ರಚಾರಕ್ಕೆ ತಂದರು. ‘ಇದರಲ್ಲಿ ತೊಂದರೆ ಏನಾದರೂ ಇದೆಯೇ?’ ಎಂದು ಕೇಳಬೇಡಿ. ‘ಆರು ತಿಂಗಳು ಕಳೆದಿದೆ, ಈ ನಿರ್ಣಯ ಸಂಪೂರ್ಣ ವಿಫಲವಾಗಿದೆ. ಏಕೆ ವಿಫಲವಾಯಿತೆಂದು ಪ್ರತಿಯೊಬ್ಬರೂ ಐದು ನಿಮಿಷ ಬರೆಯಿರಿ’ ಎಂದು ಹೇಳಿ, ಎಲ್ಲರಿಗೂ ಖಾಲಿ ಹಾಳೆ ಕೊಡಿ. ಮೊದಲನೆಯ ಪ್ರಶ್ನೆಗೆ ಉತ್ತರಿಸುವುದು ಮೇಲಧಿಕಾರಿಯನ್ನು ವಿರೋಧಿಸಿದಂತೆ. ಎರಡನೆಯದಕ್ಕೆ ಉತ್ತರಿಸುವುದು ಜಾಣತನ ತೋರಿಸಿದಂತೆ. ಮೌನವಾಗಿರುತ್ತಿದ್ದ ಅಧೀನ ಕಾರ್ಯದರ್ಶಿಯೊಬ್ಬರು ಇಂಥ ಹಾಳೆಯಲ್ಲಿ ‘ಆದೇಶ ಹೊರಟ ದಿನ ಬ್ಯಾಂಕುಗಳಿಗೆ ರಜೆ’ ಎಂದು ಬರೆದದ್ದು ನನಗೆ ಇಂದಿಗೂ ನೆನಪಿದೆ. ಅಲ್ಲಿದ್ದ ಆರು ಹಿರಿಯರಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ.

ತಲುಪಿಸುವುದಕ್ಕೆ ನಿಯಮ ಒಂದೇ: ವಿರೋಧಿಸಿದವರ ಮಾತನ್ನು ನಿಮ್ಮ ಮಾತಿನಲ್ಲಿ ಸಂಗ್ರಹಿಸಬೇಡಿ. ‘ವಿಮಾ ವಿಭಾಗ ಕೆಲವು ಆಕ್ಷೇಪಗಳನ್ನು ಎತ್ತಿದೆ, ಅವನ್ನು ಪರಿಗಣಿಸಲಾಗಿದೆ’ ಎಂಬ ವಾಕ್ಯ ಆ ಆಕ್ಷೇಪಗಳ ಸಮಾಧಿ. ಅವರದೇ ಮೂರು ನಾಲ್ಕು ವಾಕ್ಯಗಳನ್ನು ಅವರ ಹುದ್ದೆಯ ಹೆಸರಿನೊಂದಿಗೆ ಟಿಪ್ಪಣಿಯಲ್ಲಿ ಹಾಗೆಯೇ ಇಡಿ, ಕಳುಹಿಸುವ ಮುನ್ನ ಅವರಿಗೆ ತೋರಿಸಿ ‘ನಿಮ್ಮ ಮಾತು ಸರಿಯಾಗಿ ಬಂದಿದೆಯೇ?’ ಎಂದು ಕೇಳಿ.

ಹಂತ 7: ಒಂದು ಪುಟದ ಟಿಪ್ಪಣಿ ಬರೆಯಿರಿ

ಸಲಹೆಯ ಕೆಲಸಕ್ಕೆ ಬಂದ ಹೊಸತರಲ್ಲಿ ನಾನು ಬರೆದ 14 ಪುಟದ ಒಂದು ಟಿಪ್ಪಣಿಯಲ್ಲಿ ಶಿಫಾರಸು 11ನೇ ಪುಟದಲ್ಲಿತ್ತು. ಅಂದಿನ ಸಚಿವರು ಸಭೆಗೆ ಬರುವ ದಾರಿಯಲ್ಲಿ ಕಾರಿನಲ್ಲಿ ಮೊದಲ ಎರಡು ಪುಟ ಓದಿದ್ದರು, ಅಲ್ಲಿದ್ದ ಹಳೆಯ ಯೋಜನೆಯ ವಿವರಣೆಯನ್ನೇ ನನ್ನ ಶಿಫಾರಸು ಎಂದು ತಿಳಿದು ಸಭೆಯಲ್ಲಿ ಅದನ್ನೇ ಸಮರ್ಥಿಸಿದರು. ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ತಿದ್ದಲು ಅವಕಾಶ ಸಿಗಲಿಲ್ಲ, ತಪ್ಪು ಅವರದ್ದೂ ಆಗಿರಲಿಲ್ಲ.

ಅಂದಿನಿಂದ ಅನುಸರಿಸುತ್ತಿರುವ ಕ್ರಮ ಇದು. ಮೊದಲ ಕಂಡಿಕೆಯಲ್ಲಿ ಹಂತ 1ರ ಪ್ರಶ್ನೆ. ಎರಡನೆಯದರಲ್ಲಿ ಶಿಫಾರಸು ಮತ್ತು ಅದಕ್ಕೆ ಒಂದೇ ಮುಖ್ಯ ಕಾರಣ. ಮೂರನೆಯದರಲ್ಲಿ ಉಳಿದ ಆಯ್ಕೆಗಳು, ತಲಾ ಎರಡು ಸಾಲು. ನಾಲ್ಕನೆಯದರಲ್ಲಿ ವಿರೋಧ, ವಿರೋಧಿಸಿದವರ ಮಾತಿನಲ್ಲಿ. ಐದನೆಯದರಲ್ಲಿ, ಈ ಶಿಫಾರಸು ತಪ್ಪೆಂದು ತೋರಿಸಬಲ್ಲ ಸಂಗತಿ ಯಾವುದು, ಅದು ಯಾವಾಗ ತಿಳಿಯುತ್ತದೆ. ಹಿನ್ನೆಲೆ, ಕೋಷ್ಟಕ, ಹಳೆಯ ಆದೇಶಗಳ ಪ್ರತಿ ಎಲ್ಲವೂ ಅನುಬಂಧಕ್ಕೆ.

ನಮ್ಮ ಉದಾಹರಣೆಯ ಎರಡನೇ ಕಂಡಿಕೆ ಮೊದಲ ಕರಡಿನಲ್ಲಿ ಹೀಗಿತ್ತೆಂದು ಭಾವಿಸಿ: ‘ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಸೂಕ್ತ ಷರತ್ತುಗಳಿಗೆ ಒಳಪಟ್ಟು ಅವಧಿಯನ್ನು ವಿಸ್ತರಿಸುವುದು ಸೂಕ್ತವೆಂದು ಅಭಿಪ್ರಾಯಪಡಬಹುದಾಗಿದೆ.’ ಅಭಿಪ್ರಾಯ ಯಾರದ್ದು, ಷರತ್ತು ಯಾವುದು, ಎಷ್ಟು ದಿನ, ಒಂದೂ ಇಲ್ಲ. ತಿದ್ದಿದ ಕಂಡಿಕೆ: ‘ಸರ್ವರ್ ಐದು ದಿನಕ್ಕಿಂತ ಹೆಚ್ಚು ಕೆಟ್ಟಿದ್ದ ಆರು ಜಿಲ್ಲೆಗಳಿಗೆ ಮಾತ್ರ 7 ದಿನ ವಿಸ್ತರಿಸಬೇಕೆಂದು ಶಿಫಾರಸು ಮಾಡುತ್ತೇನೆ. ಅಲ್ಲಿ ಹಿಂತಿರುಗಿದ ರೈತರ ಪಟ್ಟಿ ಕೇಂದ್ರಗಳಲ್ಲಿದೆ, ಉಳಿದ ಜಿಲ್ಲೆಗಳಲ್ಲಿ ನೋಂದಣಿ ಕಡಿಮೆಯಾದದ್ದು ಮಳೆಗಾಗಿ ಕಾದದ್ದರಿಂದ ಎಂಬ ಸಂಭವ ಹೆಚ್ಚು (ನೂರಕ್ಕೆ 70, ಆಧಾರ ಮಧ್ಯಮ).’ ‘ಶಿಫಾರಸು ಮಾಡುತ್ತೇನೆ’ ಎಂಬ ಉತ್ತಮ ಪುರುಷವನ್ನು ಬಳಸಲು ಹಿಂಜರಿಯಬೇಡಿ. ಕರ್ಮಣಿ ಪ್ರಯೋಗದಲ್ಲಿ ಬರೆದ ಶಿಫಾರಸಿನಲ್ಲಿ ಹೊಣೆ ಹೊರುವವರು ಯಾರೂ ಕಾಣುವುದಿಲ್ಲ.

ಹಂತ 8: ಕೊಠಡಿಯೊಳಗೆ

ನಿರ್ಣಯ ಮಾಡುವವರಿಗೆ ಅಹಿತವಾದ ಸಂಗತಿಯಿದ್ದರೆ ಅದನ್ನು ಸಭೆಯಲ್ಲಿ ಮೊದಲ ಬಾರಿಗೆ ಹೇಳಬೇಡಿ. ಹಿಂದಿನ ದಿನವೇ ಹತ್ತು ನಿಮಿಷ ಕೇಳಿಕೊಂಡು, ಒಬ್ಬರೇ ಇದ್ದಾಗ ತಿಳಿಸಿ. ಎಲ್ಲರೆದುರು ಮುಖಭಂಗವಾದಂತೆ ಅನಿಸಿದರೆ ಯಾರೇ ಆದರೂ ತಮ್ಮ ಹಳೆಯ ಮಾತಿಗೇ ಅಂಟಿಕೊಳ್ಳುತ್ತಾರೆ, ಆಮೇಲೆ ಸಾಕ್ಷ್ಯ ಕೆಲಸ ಮಾಡುವುದಿಲ್ಲ.

ಸಭೆಯಲ್ಲಿ ಪ್ರಶ್ನೆಯನ್ನು ಓದಿ, ಶಿಫಾರಸನ್ನು ಹೇಳಿ, ವಿರೋಧಿಸಿದವರಿಗೆ ನೀವೇ ಮಾತು ಬಿಟ್ಟುಕೊಡಿ. ಗೊತ್ತಿಲ್ಲದ್ದನ್ನು ಕೇಳಿದರೆ ‘ಗೊತ್ತಿಲ್ಲ, ನಾಳೆ ಹನ್ನೊಂದರೊಳಗೆ ತಿಳಿಸುತ್ತೇನೆ’ ಎನ್ನಿ, ಮತ್ತು ಹನ್ನೊಂದರೊಳಗೆ ತಿಳಿಸಿ.

ಕೊಠಡಿಯಲ್ಲಿ ಗಮನಿಸಬೇಕಾದ ಎಚ್ಚರಿಕೆಯ ಸೂಚನೆಗಳಿವೆ. ಕಷ್ಟದ ವಿಷಯವೊಂದಕ್ಕೆ ಐದು ನಿಮಿಷದಲ್ಲಿ ಎಲ್ಲರೂ ಒಪ್ಪಿದರೆ, ಒಪ್ಪಿಗೆ ಸಭೆಗೆ ಮುಂಚೆಯೇ ಬೇರೆಡೆ ಆಗಿದೆ ಅಥವಾ ಯಾರೂ ಓದಿಲ್ಲ. ಒಂದು ಇಲಾಖೆಯ ಪ್ರತಿನಿಧಿ ಬದಲಾಗಿ ಕಿರಿಯರು ಬಂದಿದ್ದರೆ, ಆ ಇಲಾಖೆ ತನ್ನ ವಿರೋಧವನ್ನು ಬೇರೊಂದು ದಾರಿಯಲ್ಲಿ ಒಯ್ಯುವ ಯೋಚನೆಯಲ್ಲಿರಬಹುದು. ನಿಮ್ಮನ್ನು ಕರೆಯುವ ಸಭೆಗಳಲ್ಲಿ ಇತ್ತೀಚೆಗೆ ಒಳ್ಳೆಯ ಸುದ್ದಿಯೇ ಕೇಳಿಬರುತ್ತಿದ್ದರೆ, ಕೆಟ್ಟ ಸುದ್ದಿ ತರುವವರನ್ನು ನೀವು ಹೇಗೆ ನಡೆಸಿಕೊಂಡಿದ್ದೀರಿ ಎಂದು ಹಿಂದಿನ ಮೂರು ತಿಂಗಳನ್ನು ನೆನೆದು ನೋಡಿ.

ಹಂತ 9: ನಿರ್ಣಯ ನಿಮ್ಮ ಸಲಹೆಗೆ ವಿರುದ್ಧವಾಗಿ ಬಂದಾಗ

ಇದು ಆಗಿಯೇ ಆಗುತ್ತದೆ. ಚುನಾಯಿತರು ಹೊರುವ ಹೊಣೆ ಸಲಹೆಗಾರರು ಹೊರುವ ಹೊಣೆಗಿಂತ ದೊಡ್ಡದು, ಅವರು ತೂಗುವ ಸಂಗತಿಗಳೂ ಹೆಚ್ಚು. ಸಚಿವರು ಎಲ್ಲ ಜಿಲ್ಲೆಗಳಿಗೂ 15 ದಿನ ವಿಸ್ತರಿಸಿದರು ಎಂದುಕೊಳ್ಳಿ.

ಮೊದಲು, ಅವರು ನಿಮ್ಮ ಎಚ್ಚರಿಕೆಯನ್ನು ತಿಳಿದೇ ನಿರ್ಣಯ ಮಾಡಿದರೇ ಅಥವಾ ಅದು ಅವರಿಗೆ ತಲುಪಲೇ ಇಲ್ಲವೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ತಲುಪಿಲ್ಲದಿದ್ದರೆ ಒಮ್ಮೆ, ಲಿಖಿತವಾಗಿ, ಅರ್ಧ ಪುಟದಲ್ಲಿ ಮತ್ತೆ ತಿಳಿಸಿ. ತಿಳಿದೇ ಮಾಡಿದ್ದರೆ ವಾದ ಅಲ್ಲಿಗೆ ಮುಗಿಯಿತು. ಆಮೇಲೆ ಆ ನಿರ್ಣಯ ಆದಷ್ಟು ಚೆನ್ನಾಗಿ ಜಾರಿಯಾಗುವಂತೆ ದುಡಿಯಬೇಕು. ತಡಮಾಡುವುದು, ಕಡತ ಅಡಗಿಸುವುದು, ಪತ್ರಕರ್ತರ ಕಿವಿಯಲ್ಲಿ ಪಿಸುಗುಟ್ಟುವುದು ಸಲಹೆಗಾರರಿಗೆ ಸಲ್ಲದ ಕೆಲಸಗಳು. ಒಮ್ಮೆ ಹಾಗೆ ಮಾಡಿದವರನ್ನು ಮುಂದಿನ ಮಂತ್ರಾಲೋಚನೆಗೆ ಯಾರೂ ಕರೆಯುವುದಿಲ್ಲ. ಅವರಿಗಾಗುವ ನಷ್ಟ ಹಾಗಿರಲಿ, ಆ ಕೊಠಡಿಯಲ್ಲಿ ಎಚ್ಚರಿಸುವ ಒಂದು ದನಿಯೇ ಇಲ್ಲವಾಗುತ್ತದೆ.

ಆದರೆ ಕೇಳಿದ ಕೆಲಸ ಕಾನೂನಿಗೆ ವಿರುದ್ಧವಾಗಿದ್ದರೆ, ಅಥವಾ ಸುಳ್ಳೆಂದು ತಿಳಿದಿರುವುದಕ್ಕೆ ಸಹಿ ಹಾಕಬೇಕಾಗಿದ್ದರೆ, ಮೇಲಿನ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಲಿಖಿತ ನಿರಾಕರಣೆ, ಅಗತ್ಯವಾದರೆ ರಾಜೀನಾಮೆ. ಈ ಗೆರೆ ನಿಮಗೆ ಎಲ್ಲಿದೆ ಎಂಬುದನ್ನು ಶಾಂತವಾದ ಒಂದು ದಿನ ಬರೆದಿಟ್ಟುಕೊಳ್ಳಿ. ಒತ್ತಡದ ದಿನ ಗೆರೆಗಳು ಜಾರುತ್ತವೆ.

ಹಂತ 10: ನಿರ್ಣಯ ಪುಸ್ತಕ ತುಂಬಿ, ದಿನಾಂಕ ಬಂದಾಗ ತೆರೆಯಿರಿ

ನಿರ್ಣಯವಾದ ದಿನವೇ ಪುಸ್ತಕದಲ್ಲಿ ಬರೆಯಬೇಕಾದದ್ದು: ಪ್ರಶ್ನೆ, ನಿರ್ಣಯ, ನೀವು ನೀಡಿದ ಸಲಹೆ, ಅಂದು ನಿಮಗೆ ಗೊತ್ತಿದ್ದದ್ದು, ನೀವು ಕೊಟ್ಟ ಅಂಕಿ, ಮತ್ತು ಮರುಪರಿಶೀಲನೆಯ ದಿನ. ಮರುದಿನ ಬರೆದರೆ ನೆನಪು ಆಗಲೇ ನಿಮ್ಮ ಪರವಾಗಿ ವಾಲಿರುತ್ತದೆ. ಸಭೆಯ ನಡವಳಿಯನ್ನೂ ಅದೇ ದಿನ ಸಿದ್ಧಪಡಿಸಿ, ಹಾಜರಿದ್ದವರಿಗೆ ಕಳುಹಿಸಿ. ಸಣ್ಣ ಗುಂಪಿನಲ್ಲಿ, ನಡವಳಿಯಿಲ್ಲದೆ ಮಾತಿನಲ್ಲಿಯೇ ಮುಗಿಯುವ ಸಮಾಲೋಚನೆಗಳಿಂದ ಸಚಿವ ಸಂಪುಟದ ಸಾಮೂಹಿಕ ವಿವೇಚನೆ ಕುಗ್ಗುವ ಅಪಾಯವಿದೆ ಎಂಬ ಆತಂಕವೂ ಆ ಬಟ್ಲರ್ ಸಮಿತಿಯ ವರದಿಯಲ್ಲಿತ್ತು.

ನಮ್ಮ ಉದಾಹರಣೆಯಲ್ಲಿ ಮರುಪರಿಶೀಲನೆಯ ದಿನ ಎಂದರೆ ಪರಿಹಾರದ ಅರ್ಜಿಗಳು ಇತ್ಯರ್ಥವಾದ ಮರುವಾರ. ಅಂದು ಪುಸ್ತಕ ತೆರೆದು ಎರಡು ಪಟ್ಟಿ ತರಿಸಿ: ಮೂಲ ಅವಧಿಯಲ್ಲಿ ಸೇರಿದವರಲ್ಲಿ ಪರಿಹಾರ ಕೇಳಿದವರು ನೂರಕ್ಕೆ ಎಷ್ಟು, ವಿಸ್ತರಿಸಿದ 15 ದಿನಗಳಲ್ಲಿ ಸೇರಿದವರಲ್ಲಿ ನೂರಕ್ಕೆ ಎಷ್ಟು. ಎರಡನೆಯದು ಬಹಳ ಹೆಚ್ಚಿದ್ದರೆ ನಿಮ್ಮ ಭಯಕ್ಕೆ ಆಧಾರವಿತ್ತು. ಎರಡೂ ಸಮವಾಗಿದ್ದರೆ ಸಚಿವರ ನಿರ್ಣಯವೇ ಸರಿಯಾಗಿತ್ತು, ನಿಮ್ಮ ‘ನೂರಕ್ಕೆ 70’ ತಪ್ಪಿತ್ತು. ಅದನ್ನು ಅವರಿಗೆ ನೀವೇ ಹೋಗಿ ತಿಳಿಸಿ. ಪುಸ್ತಕದಲ್ಲಿ ಇಂಥ ಇಪ್ಪತ್ತು ಮೂವತ್ತು ನಮೂದುಗಳಾದ ಮೇಲೆ ನೀವು ‘ನೂರಕ್ಕೆ 70’ ಎಂದದ್ದು ಎಷ್ಟು ಸಲ ನಿಜವಾಯಿತು ಎಂದು ಎಣಿಸಿ, ಮೇಜಿನ ಗಾಜಿನ ಕೆಳಗಿರುವ ಚೀಟಿಯ ಪಕ್ಕದಲ್ಲಿ ಆ ಲೆಕ್ಕವನ್ನೂ ಬರೆದಿಡಿ. ಮುಂದಿನ ಟಿಪ್ಪಣಿಯಲ್ಲಿ ಅಂಕಿ ಹಾಕುವ ಮುನ್ನ ಅದರ ಮೇಲೊಮ್ಮೆ ಕಣ್ಣಾಡಿಸಿ.